ಕದನ ವಿರಾಮದ ದಿನ ನನಗೆ ಬಂದ ಮೊದಲ ಯೋಚನೆ



ಮೊನ್ನೆ ನಮ್ಮ ಆಫೀಸಲ್ಲಿ ಆಯುಧ ಪೂಜೆ ಆಯ್ತು. ಪ್ರತಿವರ್ಷದ ಹಾಗೇ ಕಂಪ್ಯೂಟರಿಗೆ, ಜೆರಾಕ್ಸ್ ಮಿಷಿನ್ನಿಗೆ, ಬೀರುವಿಗೆ, ಸಾಹೇಬರ ಜೀಪಿಗೆ ಹಾರ ಹಾಕಿ ಕುಂಕುಮ ಇಟ್ಟರು. ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆದರು. ನಾನು ಪೂಜೆಗೆ ನಿಲ್ಲಲ್ಲ ಅನ್ನೋದು ಎಲ್ಲರಿಗೂ ಗೊತ್ತು, ಯಾರೂ ಕರೆಯೋದೂ ಇಲ್ಲ. ಕಡ್ಲೆಪುರಿ ಹಂಚುವಾಗ ನಮ್ಮ ಕ್ಯಾಷಿಯರ್ ನನ್ನ ಟೇಬಲ್ ಹತ್ರ ಬಂದು, ಮೇಲಿಟ್ಟಿದ್ದ ನನ್ನ ಮೊಬೈಲಿಗೆ ಒಂದು ಬೊಟ್ಟು ಕುಂಕುಮ ಹಚ್ಚಿ, "ನಿಮ್ ಆಯುಧ ಇದೇ ಅಲ್ವಾ ಸಾರ್" ಅಂದು ನಕ್ಕರು. ಸುತ್ತ ಇದ್ದವರೂ ನಕ್ಕರು. ನಾನೂ ನಕ್ಕೆ. ಆದ್ರೆ ಆ ಬೊಟ್ಟು ಒರೆಸೋಕೆ ಹೋದಾಗ ಮನಸ್ಸಿಗೆ ಒಂಥರಾ ಆಯ್ತು. ಆ ನಗೆಯ ಹಿಂದೆ ಒಂದು ಕಥೆ ಇದೆ. ಇಷ್ಟು ದಿನ ನಿಮ್ಮ ಯಾರಿಗೂ ಹೇಳಿರಲಿಲ್ಲ.

ಇವತ್ತು ವಿಜಯದಶಮಿ. 1956ರ ಅಕ್ಟೋಬರ್ 14, ಅಶೋಕ ವಿಜಯದಶಮಿಯ ದಿನ ಬಾಬಾಸಾಹೇಬರು ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ಬುದ್ಧನ ಕಡೆ ಹೆಜ್ಜೆ ಇಟ್ಟರು. ಈ ದಿನ ಪ್ರತಿ ವರ್ಷ ನಾನು ಏನಾದ್ರೂ ಬರೀತೀನಿ, ನೀವು ಓದ್ತೀರಿ. ಬೇರೆಯವರ ತಪ್ಪು ಬರೆಯೋದು ಸುಲಭ. ಈ ಸಲ ನನ್ನದೇ ಬರೀತೀನಿ.

2025ರ ಮಾರ್ಚ್ ಮೊದಲ ವಾರದಲ್ಲಿ ನಾನು ಶೇರು ತಗೊಂಡೆ. ಮಗಳು ಎರಡನೇ ಪಿಯುಸಿ ಪರೀಕ್ಷೆ ಬರೀತಿದ್ಲು. ಮುಂದೆ ಇಂಜಿನಿಯರಿಂಗ್ ಅಂತಾಳೆ. ನನ್ನ ಗುಮಾಸ್ತ ಸಂಬಳ ಸ್ಕಾಲರ್‌ಶಿಪ್ಪಿನ ಮಿತಿ ದಾಟುತ್ತೆ, ಆದ್ರೆ ಫೀಸಿಗೆ ಸಾಲಲ್ಲ. ಚೀಟಿ ಎತ್ತಿದ 60,000 ರೂಪಾಯಿ ಕೈಲಿತ್ತು. ಕ್ಯಾಷಿಯರ್ ಹೇಳಿದ್ರು: "ಬ್ಯಾಂಕಲ್ಲಿಟ್ಟು ಏನ್ ಮಾಡ್ತೀರಾ ಸಾರ್, ಡಿಫೆನ್ಸ್ ಶೇರು ಈಗ ಬಿದ್ದಿದೆ, ತಗೊಳ್ಳಿ. ಗೌರ್ಮೆಂಟ್ ಕಂಪನಿ, ಮುಳುಗಲ್ಲ. ಜಗತ್ತಲ್ಲಿ ಯುದ್ಧ ನಿಲ್ಲೋ ಥರ ಕಾಣ್ತಿಲ್ಲ." ಆ ಕೊನೇ ಮಾತು ಆಗ ನನಗೆ ಚುಚ್ಚಲಿಲ್ಲ. ಲೆಕ್ಕ ಸರಿ ಇದೆ ಅನ್ನಿಸ್ತು. ಅವರೇ ಕೂತು ಡಿಮ್ಯಾಟ್ ಖಾತೆ ಮಾಡಿಕೊಟ್ರು. ಎರಡು ಕಂಪನಿ ಶೇರು ತಗೊಂಡೆ.

ಏಪ್ರಿಲ್ 22ಕ್ಕೆ ಪಹಲ್ಗಾಮ್‌ನಲ್ಲಿ 26 ಜನರನ್ನ ಗುಂಡಿಟ್ಟು ಕೊಂದ್ರು. ನಮ್ಮ ರಾಜ್ಯದವರೂ ಅದರಲ್ಲಿದ್ರು. ಮೇ 7ರ ನಸುಕಿನಲ್ಲಿ ಆಪರೇಷನ್ ಸಿಂಧೂರ ಶುರುವಾಯ್ತು. ಅದೇ ದಿನ ಆಚೆಯಿಂದ ಬಂದ ಶೆಲ್ಲುಗಳಿಗೆ ಪೂಂಚ್‌ನಲ್ಲಿ ಸಾಮಾನ್ಯ ಜನ ಸತ್ರು, ಮಕ್ಕಳೂ ಸತ್ರು. ಟಿವಿಯಲ್ಲಿ ಸೈರನ್ನು, ಕೂಗಾಟ. ನಾನು ಫೇಸ್‌ಬುಕ್ಕಲ್ಲಿ ಯುದ್ಧ ಬೇಡ ಅಂತ ನಾಲ್ಕು ಸಾಲು ಹಾಕಿದ್ದೆ. ನಿಮ್ಮಲ್ಲಿ ಎಷ್ಟೋ ಜನ ಲೈಕ್ ಕೊಟ್ಟಿದ್ರಿ, ಶೇರ್ ಮಾಡಿದ್ರಿ. ಅದನ್ನ ಹಾಕಿ ಐದು ನಿಮಿಷಕ್ಕೆ ಇನ್ನೊಂದು ಆ್ಯಪ್ ತೆಗೆದು ರೇಟು ನೋಡ್ತಿದ್ದೆ. ಎರಡೂ ಒಂದೇ ಮೊಬೈಲು, ಒಂದೇ ಬೆರಳು.

ಮೇ 10ರ ಶನಿವಾರ ಸಂಜೆ ಕದನ ವಿರಾಮ ಅಂತ ಸುದ್ದಿ ಬಂತು. ಮನೆಯವಳು ಅಡುಗೆಮನೆಯಿಂದ ಬಂದು "ಸದ್ಯ, ನಿಂತ್ಹೋಯ್ತಲ್ಲ" ಅಂತ ಕೂತಳು. ಅವಳ ಅಣ್ಣನ ಮಗ ಸೈನ್ಯದಲ್ಲಿದ್ದಾನೆ, ನಾಲ್ಕು ದಿನದಿಂದ ಅವಳು ಸರಿಯಾಗಿ ಊಟ ಮಾಡಿರಲಿಲ್ಲ. ನನ್ನ ತಲೆಗೆ ಬಂದ ಮೊದಲ ಯೋಚನೆ ಏನು ಗೊತ್ತಾ? ಸೋಮವಾರ ಶೇರು ಬೀಳುತ್ತಾ?

ಅವಳು ನನ್ನ ಮುಖ ನೋಡಿ ಕೇಳಿದ್ಲು: "ಯಾಕ್ರೀ, ಯುದ್ಧ ನಿಂತ್ರೆ ಯಾಕೆ ಮುಖ ಸಪ್ಪಗೆ ಮಾಡ್ಕೊಂಡಿದ್ದೀರಾ?"

ನಾನು ಏನೂ ಹೇಳಲಿಲ್ಲ. ಆವತ್ತಿಂದ ಆ ಪ್ರಶ್ನೆ ನನ್ನ ಬಿಟ್ಟಿಲ್ಲ.

ಇನ್ನೊಂದು ನಿಜ ಹೇಳ್ತೀನಿ. ನಾಚಿಕೆ ಆಯ್ತು, ಆದ್ರೂ ಮಾರಲಿಲ್ಲ. ಸೋಮವಾರ ರಾತ್ರಿ ಪ್ರಧಾನಿ ಭಾಷಣದಲ್ಲಿ ಸ್ವದೇಶಿ ಶಸ್ತ್ರಾಸ್ತ್ರದ ಮಾತು ಬಂತು, ಮಾರನೇ ದಿನ ರೇಟು ಇನ್ನೂ ಏರಿತು. ನಾನು ಸುಮ್ಮನಿದ್ದೆ. ಇನ್ನೂ ಒಂದೂವರೆ ತಿಂಗಳು ಇಟ್ಟುಕೊಂಡೆ. ಆಸೆ ಹಾಗೇನೇ ಬಂಧುಗಳೇ. ಅದು ಜಗಳ ಮಾಡಲ್ಲ, "ಇನ್ನೊಂದು ವಾರ ನೋಡೋಣ" ಅನ್ನುತ್ತೆ ಅಷ್ಟೇ.

ಈಗ ಬುದ್ಧನ ಹತ್ರ ಬರ್ತೀನಿ. ಅಂಗುತ್ತರ ನಿಕಾಯದಲ್ಲಿ ಒಂದು ಪುಟ್ಟ ಸುತ್ತ ಇದೆ. ಉಪಾಸಕರು, ಅಂದ್ರೆ ನಮ್ಮ ನಿಮ್ಮಂಥ ಸಂಸಾರಸ್ಥರು, ಮಾಡಬಾರದ ಐದು ವ್ಯಾಪಾರಗಳನ್ನ ಅಲ್ಲಿ ಹೇಳಿದೆ. ಶಸ್ತ್ರದ ವ್ಯಾಪಾರ, ಜೀವಿಗಳ ವ್ಯಾಪಾರ, ಮಾಂಸದ ವ್ಯಾಪಾರ, ಮದ್ಯದ ವ್ಯಾಪಾರ, ವಿಷದ ವ್ಯಾಪಾರ. ಮೊದಲನೆಯದೇ ಶಸ್ತ್ರ. ಬಾಬಾಸಾಹೇಬರು ತಮ್ಮ ಬುದ್ಧ ಮತ್ತು ಆತನ ಧಮ್ಮದಲ್ಲಿ ಸಮ್ಯಕ್ ಆಜೀವ ವಿವರಿಸುವಾಗ ಇನ್ನೂ ಸರಳ ಮಾಡಿದ್ದಾರೆ: ಹೊಟ್ಟೆಪಾಡು ಎಲ್ಲರಿಗೂ ಇದ್ದದ್ದೇ, ಆದರೆ ಇನ್ನೊಬ್ಬರಿಗೆ ಹಾನಿಯೋ ಅನ್ಯಾಯವೋ ಆಗುವ ದಾರಿ ಕೆಟ್ಟದ್ದು, ಹಾಗಾಗದ ದಾರಿ ಒಳ್ಳೆಯದು. ಇದನ್ನ ನಾನು ಅಧ್ಯಯನ ಶಿಬಿರದಲ್ಲಿ ನಿಂತು ಪಾಠ ಮಾಡಿದವನು!

ಪಟ್ಟಿಯಲ್ಲಿ ಮಾಂಸ ಇದೆಯಲ್ಲ ಅಂತ ಕೆಲವರಿಗೆ ಬಾಯಲ್ಲಿ ನೀರೂರುತ್ತೆ. ಇದೆ, ನಾನು ಮರೆಮಾಚಲ್ಲ. ನಮ್ಮನೇಲಿ ಭಾನುವಾರ ಮಾಂಸ ಬೇಯುತ್ತೆ, ಅದನ್ನೂ ಮರೆಮಾಚಲ್ಲ. ಆದ್ರೆ ಒಂದು ವಿಷಯ ಗಮನಿಸಿ. 2025ರ ಫೆಬ್ರವರಿಯಲ್ಲಿ ಯಲಹಂಕದಲ್ಲಿ ಏರೋ ಇಂಡಿಯಾ ನಡೀತು. ಅದಕ್ಕಾಗಿ ಜನವರಿ 23ರಿಂದ ಫೆಬ್ರವರಿ 17ರವರೆಗೆ ವಾಯುನೆಲೆಯ ಸುತ್ತ 13 ಕಿಲೋಮೀಟರ್ ಒಳಗೆ ಮಾಂಸದಂಗಡಿ ಮುಚ್ಚಿಸಿದ್ರು, ಹೋಟೆಲಲ್ಲಿ ಮಾಂಸದೂಟ ಬಡಿಸಬಾರದು ಅಂದ್ರು. ಕಾರಣ, ಮಾಂಸದ ತ್ಯಾಜ್ಯಕ್ಕೆ ಹದ್ದುಗಳು ಬರ್ತಾವೆ, ವಿಮಾನಕ್ಕೆ ಬಡಿಯುತ್ತವೆ. ಕಾರಣ ಸುಳ್ಳಲ್ಲ. ಆದ್ರೆ ಕುರಿ ಕಡಿಯೋನು, ಕೋಳಿ ಅಂಗಡಿಯೋನು, ಬಿರಿಯಾನಿ ಗಾಡಿ ತಳ್ಳೋನು ಸುಮಾರು ಇಪ್ಪತ್ತೈದು ದಿನ ಕೂಲಿ ಕಳ್ಕೊಂಡು ಮನೇಲಿ ಕೂತ. ಯಾಕೆ? ಜಗತ್ತಿನ ಶಸ್ತ್ರ ಕಂಪನಿಗಳು ಬಂದು ತಮ್ಮ ಸಾಮಾನು ತೋರಿಸಿ ವ್ಯಾಪಾರ ಕುದುರಿಸಲಿ ಅಂತ. ಬುದ್ಧನ ಪಟ್ಟಿಯ ಮೊದಲನೇ ವ್ಯಾಪಾರಕ್ಕೋಸ್ಕರ ಮೂರನೇ ವ್ಯಾಪಾರದ ಬಡವನ ಬಾಗಿಲು ಮುಚ್ಚಿತು. ಮಾಂಸದ ಅಂಗಡಿ ಮುಂದೆ ಮೂಗು ಮುಚ್ಚಿಕೊಂಡು ಹೋಗೋರು ಅಲ್ಲಿ ಪಾಸ್ ತಗೊಂಡು ಮಕ್ಕಳನ್ನ ಕರ್ಕೊಂಡು ಹೋಗಿ ಚಪ್ಪಾಳೆ ತಟ್ಟಿದ್ರು. ಹಿಂಸೆ ಅನ್ನೋ ಮಾತು ಈ ದೇಶದಲ್ಲಿ ಯಾರ ತಟ್ಟೆಯ ಮೇಲೆ ಬೀಳುತ್ತೆ, ಯಾರ ಲೆಕ್ಕದ ಪುಸ್ತಕದ ಮೇಲೆ ಬೀಳಲ್ಲ ಅನ್ನೋದು ನಮಗೆ ಹೊಸದಲ್ಲ.

ಹಾಗಂತ ನಾನು ನಮ್ಮವರ ಚರಿತ್ರೆಯನ್ನೂ ಮರೆತಿಲ್ಲ. ಬಾಬಾಸಾಹೇಬರು ಹುಟ್ಟಿದ್ದೇ ಮಹೂ ಅನ್ನೋ ದಂಡುಪ್ರದೇಶದಲ್ಲಿ. ತಂದೆ ರಾಮ್‌ಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರ್, ಸೈನ್ಯದ ಶಾಲೆಯಲ್ಲಿ ಮೇಷ್ಟ್ರು. ಊರಿನ ಬಾವಿ ಮುಟ್ಟಿಸಿಕೊಳ್ಳದ ಜನಕ್ಕೆ ಅಕ್ಷರ ಕೊಟ್ಟಿದ್ದು ಆ ಬ್ಯಾರಕ್ಕು. ನಮ್ಮನೆಯಲ್ಲೂ ಹಾಗೇ. ನನ್ನ ಸೋದರಮಾವ ಬೆಂಗಳೂರಿನ ಒಂದು ಸರ್ಕಾರಿ ರಕ್ಷಣಾ ಕಾರ್ಖಾನೆಯಲ್ಲಿ ಮೀಸಲಾತಿಯಲ್ಲಿ ಫಿಟ್ಟರ್ ಆಗಿ ಸೇರಿ ಮೂವತ್ತು ವರ್ಷ ದುಡಿದ್ರು. ಅವರ ಕ್ವಾರ್ಟರ್ಸಲ್ಲಿ ಇದ್ದುಕೊಂಡೇ ನಾನು ಬಿಎ ಮುಗಿಸಿದ್ದು. ನನ್ನ ಡಿಗ್ರಿ ಆ ಕಾರ್ಖಾನೆಯ ಅನ್ನ.

ಹಂಗಾದ್ರೆ ಮಾವನೂ ತಪ್ಪು ಮಾಡಿದ್ರಾ? ಇದನ್ನ ನಾನು ಅವರನ್ನೇ ಕೇಳಿದೆ. ಈಗ ರಿಟೈರ್ ಆಗಿ ಊರಲ್ಲಿದ್ದಾರೆ. ಅವರು ಹೇಳಿದ್ದು: "ನೋಡಪ್ಪಾ, ಕಾರ್ಗಿಲ್ ಯುದ್ಧದಾಗೂ ನನಗೆ ಅದೇ ಸಂಬ್ಳ, ಯುದ್ಧ ಇಲ್ದಿದ್ದಾಗ್ಲೂ ಅದೇ ಸಂಬ್ಳ. ಯುದ್ಧ ಬಂದ್ರೆ ಓವರ್‌ಟೈಮು ಬರ್ತಿತ್ತು, ಮೈ ನೋಯ್ತಿತ್ತು. ಬೇಗ ಮುಗೀಲಪ್ಪ ಅಂತಿದ್ವಿ. ನಿನಗೆ ಹಂಗಿಲ್ವಲ್ಲ ಕಣೋ."

ನಾನು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದ ವಿಷಯ ಮಾವನಿಗೆ ಒಂದೇ ಮಾತಲ್ಲಿ ಸಿಕ್ತು. ಕೂಲಿ ಬೇರೆ, ಲಾಭ ಬೇರೆ. ದೇಶಕ್ಕೆ ಗಡಿ ಇದೆ, ಗಡಿಗೆ ಕಾವಲು ಬೇಕು, ಕಾವಲುಗಾರನ ಕೈಗೆ ಆಯುಧ ಬೇಕು. ಇದನ್ನ ನಾನು ಒಪ್ಪುತ್ತೀನಿ. ಅದನ್ನ ಮಾಡಿಕೊಡೋ ಕಾರ್ಮಿಕನಿಗೆ ಸಾವು ಹೆಚ್ಚಾದ್ರೆ ಸಂಬಳ ಹೆಚ್ಚಾಗಲ್ಲ. ಲಾಭ ತಗೊಳ್ಳೋನಿಗೆ ಹಾಗಲ್ಲ. ಅವನಿಗೆ ಶಾಂತಿ ಅಂದ್ರೆ ನಷ್ಟ. ಅವನು ಕೆಟ್ಟವನೇ ಆಗಿರಬೇಕಿಲ್ಲ. ನನ್ನ ಹಾಗೆ ಮಗಳ ಫೀಸಿಗೆ ಒದ್ದಾಡೋ ಗುಮಾಸ್ತನೂ ಆಗಿರಬಹುದು. ಆದ್ರೆ ದುಡ್ಡು ಅಲ್ಲಿಟ್ಟ ದಿನದಿಂದ ಅವನ ಮನಸ್ಸಿನ ಒಂದು ಮೂಲೆ, ಎಲ್ಲೋ ಯಾರದೋ ಮನೆ ಮೇಲೆ ಬಾಂಬು ಬೀಳಲಿ ಅಂತ ಕಾಯೋಕೆ ಶುರು ಮಾಡುತ್ತೆ. ಈ ವ್ಯಾಪಾರದಲ್ಲಿ ನಾವು ಮೊದಲು ಕಳ್ಕೊಳ್ಳೋದು ಅದನ್ನೇ. ಶೇರು ಏರಲಿ ಬೀಳಲಿ, ಆ ನಷ್ಟ ಆಗಿಯೇ ಆಗುತ್ತೆ. ಬುದ್ಧ ವ್ಯಾಪಾರ ಅನ್ನೋ ಪದವನ್ನೇ ಯಾಕೆ ಹಿಡಿದ ಅಂತ ನನಗೆ ಈಗ ಅರ್ಥ ಆಗ್ತಿದೆ.

ಒಬ್ಬ ಗುಮಾಸ್ತನ ಮನಸ್ಸಿಗೇ ಹೀಗಾದ್ರೆ, ಇಡೀ ದೇಶ ಈ ವ್ಯಾಪಾರಕ್ಕೆ ಇಳಿದ್ರೆ? ಅಂಕಿ ನೋಡಿ. ನಮ್ಮ ದೇಶದ ರಕ್ಷಣಾ ರಫ್ತು 2013-14ರಲ್ಲಿ 686 ಕೋಟಿ ರೂಪಾಯಿ. 2024-25ರಲ್ಲಿ 23,622 ಕೋಟಿ. 2029ಕ್ಕೆ 50,000 ಕೋಟಿ ಆಗಬೇಕು ಅಂತ ಸರ್ಕಾರದ ಗುರಿ. ಆತ್ಮರಕ್ಷಣೆಗೆ ಆಯುಧ ಮಾಡ್ಕೊಳ್ಳೋದಕ್ಕೆ ಒಂದು ಮಿತಿ ಇರುತ್ತೆ. ರಫ್ತಿಗೆ ಗುರಿ ಅಂತ ಇಟ್ಟುಕೊಂಡ ಮೇಲೆ ಮಿತಿ ಎಲ್ಲಿ? ಗುರಿ ಮುಟ್ಟಬೇಕಾದ್ರೆ ಕೊಳ್ಳೋರು ಬೇಕು. ಕೊಳ್ಳೋರಿಗೆ ಭಯ ಇರಬೇಕು, ಇಲ್ಲಾ ಜಗಳ ಇರಬೇಕು.

ಕೊಳ್ಳೋರು ಯಾರು ಅಂತ ಕೇಳೋ ಅಭ್ಯಾಸವೂ ನಮಗಿಲ್ಲ. 2021ರಲ್ಲಿ ಮ್ಯಾನ್ಮಾರಿನ ಸೈನ್ಯ ಚುನಾಯಿತ ಸರ್ಕಾರ ಕೆಡವಿ ಸ್ವಂತ ಜನರ ಮೇಲೇ ಬಾಂಬು ಹಾಕ್ತು. ಆ ದಂಗೆ ಆದ ಮೇಲೂ ಅಲ್ಲಿಗೆ ಶಸ್ತ್ರಾಸ್ತ್ರ ಮತ್ತು ಅದಕ್ಕೆ ಬೇಕಾದ ಸಾಮಗ್ರಿ ಹೋದ ದೇಶಗಳ ಲೆಕ್ಕವನ್ನ ವಿಶ್ವಸಂಸ್ಥೆಯ ವಿಶೇಷ ವರದಿಗಾರ ಟಾಮ್ ಆಂಡ್ರ್ಯೂಸ್ 2023ರಲ್ಲಿ ಕೊಟ್ಟರು. ಅದರಲ್ಲಿ ರಷ್ಯಾ, ಚೀನಾ, ಸಿಂಗಾಪುರದ ಜೊತೆ ಭಾರತದ ಹೆಸರೂ ಇದೆ, 51 ಮಿಲಿಯನ್ ಡಾಲರ್ ಅಂತ. ಗಾಜಾದಲ್ಲಿ ಸಾವಿರಾರು ಮಕ್ಕಳು ಸಾಯ್ತಿದ್ದಾಗ, ಇಸ್ರೇಲಿಗೆ ಭಾರತದ ಕಂಪನಿಗಳು ಶಸ್ತ್ರಾಸ್ತ್ರ ಕಳಿಸೋದು ನಿಲ್ಲಿಸಿ ಅಂತ ಕೆಲವು ಹಿರಿಯರು ಸುಪ್ರೀಂ ಕೋರ್ಟಿಗೆ ಹೋದ್ರು. 2024ರ ಸೆಪ್ಟೆಂಬರಿನಲ್ಲಿ ಕೋರ್ಟು ಅದನ್ನ ವಜಾ ಮಾಡ್ತು. ವಿದೇಶಾಂಗ ನೀತಿ ಸರ್ಕಾರಕ್ಕೆ ಬಿಟ್ಟದ್ದು ಅಂದಿತು. ಸರಿ, ಕೋರ್ಟು ಕೇಳಲ್ಲ ಅಂದ ಮೇಲೆ ಜನರಾದ್ರೂ ಕೇಳಬೇಕಲ್ಲ? ಜನ ರೇಟು ನೋಡ್ತಿದ್ದಾರೆ. ನಾನೂ ನೋಡ್ತಿದ್ದೆ.

ಬಾಬಾಸಾಹೇಬರು ಕೇಳಿದ್ರು. 1951ರಲ್ಲಿ ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟಾಗಿನ ಹೇಳಿಕೆಯನ್ನ ಹಿಂದೂ ಕೋಡ್ ಬಿಲ್ಲಿಗೋಸ್ಕರ ಮಾತ್ರ ನೆನಪಿಟ್ಟಿದ್ದೀವಿ. ಅದರಲ್ಲೇ ಇನ್ನೊಂದು ಲೆಕ್ಕ ಇದೆ. ವರ್ಷಕ್ಕೆ 350 ಕೋಟಿ ವರಮಾನದಲ್ಲಿ ಸುಮಾರು 180 ಕೋಟಿ ಸೈನ್ಯಕ್ಕೇ ಹೋಗ್ತಿದೆ, ಇದಕ್ಕೆ ನಮ್ಮ ವಿದೇಶಾಂಗ ನೀತಿ ಕಾರಣ ಅಂತ ನೇರವಾಗಿ ಹೇಳಿದ್ರು. ಅವರು ಸೈನ್ಯ ಬೇಡ ಅಂದವರಲ್ಲ, ಮಹಾರ್ ರೆಜಿಮೆಂಟಿಗಾಗಿ ಹೋರಾಡಿದವರು. ಆದ್ರೆ ಲೆಕ್ಕ ಕೇಳೋದು ದೇಶದ್ರೋಹ ಅಂತ ಅವರಿಗೆ ಅನ್ನಿಸಲಿಲ್ಲ. 2025-26ರ ರಕ್ಷಣಾ ಬಜೆಟ್ 6.81 ಲಕ್ಷ ಕೋಟಿ ಇತ್ತು. ಒಂದು ಪ್ರಶ್ನೆ ಕೇಳಿ ನೋಡಿ, ನಿಮಗೆ ಏನು ಬಿರುದು ಸಿಗುತ್ತೆ ಅಂತ.

ಇನ್ನೂ ಒಂದು ಮಾತು ನಮ್ಮ ಹುಡುಗರು ಗಮನಿಸಬೇಕು. ಆ 23,622 ಕೋಟಿ ರಫ್ತಿನಲ್ಲಿ 15,233 ಕೋಟಿ ಖಾಸಗಿ ಕಂಪನಿಗಳದ್ದು. ಖಾಸಗಿಯಲ್ಲಿ ನಮಗೆ ಮೀಸಲಾತಿ ಇಲ್ಲ. ಹಳೇ ಆರ್ಡ್ನೆನ್ಸ್ ಫ್ಯಾಕ್ಟರಿ ಬೋರ್ಡನ್ನ 2021ರ ಅಕ್ಟೋಬರಿನಲ್ಲಿ ವಿಸರ್ಜಿಸಿ ಏಳು ಕಂಪನಿ ಮಾಡಿದ್ರು. ನನ್ನ ಮಾವನಿಗೆ ಸಿಕ್ಕ ಪರ್ಮನೆಂಟ್ ಕೆಲಸ, ಕ್ವಾರ್ಟರ್ಸು, ಕ್ಯಾಂಟೀನು ಮುಂದಿನ ತಲೆಮಾರಿಗೆ ಎಲ್ಲಿದೆ? ಕಾಂಟ್ರಾಕ್ಟ್ ಕೂಲಿ ಇದೆ. ಕೂಲಿ ಕಿತ್ಕೊಂಡು ಕೈಗೆ ಡಿಮ್ಯಾಟ್ ಆ್ಯಪ್ ಕೊಟ್ಟಿದ್ದಾರೆ.

ಕಡೇಗೆ ನಾನು ಮಾರಿದ್ದು ಹೇಗೆ ಅಂತ ಹೇಳ್ತೀನಿ. ಬುದ್ಧನ ಸುತ್ತ ಓದಿ ಅಲ್ಲ. ದೇವನಹಳ್ಳಿಯ ರೈತರಿಂದ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನ ರಕ್ಷಣಾ ಮತ್ತು ಏರೋಸ್ಪೇಸ್ ಪಾರ್ಕಿಗೆ ಅಂತ ಸರ್ಕಾರ ತಗೊಳ್ಳೋಕೆ ಹೊರಟಿದ್ದು, 2022ರ ಏಪ್ರಿಲಿಂದ ಆ ಜನ ಧರಣಿ ಕೂತಿದ್ದು ನಿಮಗೆಲ್ಲ ಗೊತ್ತು. ನಿಮ್ಮಲ್ಲಿ ಎಷ್ಟೋ ಜನ ಬಂದಿದ್ರಿ. ಜೂನ್ ಕೊನೆಯಲ್ಲಿ ನಾನು ರಜೆ ಹಾಕಿ ಫ್ರೀಡಂ ಪಾರ್ಕಿಗೆ ಹೋದೆ. ಪಕ್ಕದಲ್ಲಿ ಒಬ್ಬರು ತಾಯಿ ಕೂತಿದ್ರು, ನಮ್ಮ ಕೇರಿಯವರೇ. ಒಂದೂವರೆ ಎಕರೆ ಇದೆಯಂತೆ, ಸೊಪ್ಪು, ರೇಷ್ಮೆ. "ತಿನ್ನಪ್ಪಾ, ಬೆಳಿಗ್ಗೆಯಿಂದ ಕೂಗ್ತಿದ್ದೀಯ" ಅಂತ ಡಬ್ಬಿಯಿಂದ ಚಿತ್ರಾನ್ನ ಕೊಟ್ರು. ತಿಂತಾ ಇದ್ದೆ, ಜೇಬಲ್ಲಿ ಮೊಬೈಲು ಟಿಣ್ ಅಂತು. ನೋಡಿದ್ರೆ ಶೇರು ಮತ್ತೆ ಏರಿದೆ ಅನ್ನೋ ಮೆಸೇಜು. ಆ ತಾಯಿಯ ಹೊಲದ ಮೇಲೆ ಏನು ಕಟ್ಟಬೇಕು ಅಂತಿದ್ದಾರೋ, ಅದರ ವ್ಯಾಪಾರದಲ್ಲಿ ನಾನೂ ಪಾಲುದಾರ. ಅವರ ಅನ್ನ ತಿಂತಾ, ಅವರ ಪರವಾಗಿ ಘೋಷಣೆ ಕೂಗ್ತಾ! ತುತ್ತು ಗಂಟಲಲ್ಲಿ ಇಳೀಲಿಲ್ಲ. ಮಾರನೇ ದಿನ ಎಲ್ಲಾ ಮಾರಿದೆ.

ಜುಲೈ 15ಕ್ಕೆ ಮುಖ್ಯಮಂತ್ರಿ ಭೂಸ್ವಾಧೀನ ಕೈಬಿಟ್ಟಿದ್ದೀವಿ ಅಂದ್ರು. 1,198 ದಿನದ ಹೋರಾಟ ಗೆಲ್ತು. ಅದೇ ದಿನವೇ ಆಂಧ್ರದ ಮಂತ್ರಿ ನಾರಾ ಲೋಕೇಶ್, ನಮ್ಮಲ್ಲಿಗೆ ಬನ್ನಿ, ಜಾಗ ರೆಡಿ ಇದೆ ಅಂತ ಕಂಪನಿಗಳನ್ನ ಕರೆದ್ರು. ನಮ್ಮಲ್ಲೂ ಕೆಲವರು "ಅಯ್ಯೋ, ಉದ್ಯಮ ಹೋಯ್ತು" ಅಂತ ಬಾಯಿ ಬಡ್ಕೊಂಡ್ರು. ಮೇ 10ರ ಸಂಜೆಯ ನನ್ನ ಸಪ್ಪೆ ಮುಖ ನನಗೆ ಅಲ್ಲಿ ಕಾಣಿಸ್ತು.

ಈ ವಿಷಯ ಒಬ್ಬ ಗೆಳೆಯನ ಹತ್ರ ಹೇಳ್ಕೊಂಡಾಗ ಅವನು ಸಿಟ್ಟಾದ. "ಅವರು ತಲೆತಲಾಂತರದಿಂದ ಬಡ್ಡಿ, ಶೇರು, ಜಮೀನು ಎಲ್ಲಾ ತಿಂದ್ರು. ನಮ್ಮೋರು ಈಗ ಮೊದಲ ಸಲ ನಾಲ್ಕು ಕಾಸು ಹಾಕೋ ಸ್ಥಿತಿಗೆ ಬಂದಿದ್ದೀವಿ. ಈಗ್ಲೇ ನೀನು ಧರ್ಮ ಹೇಳ್ತೀಯಾ? ತ್ಯಾಗ ಮಾಡೋದಕ್ಕೂ ನಾವೇ ಬೇಕಾ?" ಈ ಮಾತನ್ನ ನಾನು ಹಗುರವಾಗಿ ತಗೊಳ್ಳಲ್ಲ. ನಮ್ಮವರು ದುಡ್ಡು ಮಾಡಬೇಕು. ಬ್ಯಾಂಕು, ಶೇರು, ವ್ಯಾಪಾರ ಎಲ್ಲಾ ಕಲೀಬೇಕು. ನಾನು ಶೇರು ಬೇಡ ಅಂತಿಲ್ಲ, ಇದೊಂದರ ಶೇರು ಬೇಡ ಅಂತಿದ್ದೀನಿ. ಚಾತುರ್ವರ್ಣ್ಯ ನಡೆದದ್ದೂ ಹೀಗೇ ಅಲ್ವಾ? ಕೆಳಗಿನವನ ನೋವಿಂದ ಮೇಲಿನವನಿಗೆ ಲಾಭ, ಮೇಲಿನವನಿಗೆ ಆ ನೋವು ಕಣ್ಣಿಗೆ ಬೀಳದ ಹಾಗೆ ದೂರ. ಅದರ ಕೆಳಗೆ ಇದ್ದವರು ನಾವು. ಅದೇ ಏಣಿಯಲ್ಲಿ ನಮಗೂ ಒಂದು ಮೆಟ್ಟಿಲು ಸಿಕ್ತು ಅಂತ ಹತ್ತಿ ಕೂತರೆ, ಕೆಳಗೆ ಪೂಂಚಿನ ಮಗು ಇರುತ್ತೆ, ಮ್ಯಾನ್ಮಾರಿನ ಹಳ್ಳಿ ಇರುತ್ತೆ.

ನೀನೊಬ್ಬ ಮಾರಿದ್ರೆ ಯಾವ ಯುದ್ಧ ನಿಲ್ಲುತ್ತೆ ಅಂತಲೂ ಕೇಳಿದ. ಯಾವುದೂ ನಿಲ್ಲಲ್ಲ. ನಾನು ಮಾರಿದ್ದನ್ನ ಅದೇ ಸೆಕೆಂಡಿಗೆ ಇನ್ಯಾರೋ ತಗೊಂಡಿರ್ತಾರೆ. ನಮ್ಮ ಪಿಎಫ್ ದುಡ್ಡು, ಪೆನ್ಷನ್ ದುಡ್ಡು ಕೂಡ ಶೇರುಪೇಟೆಗೆ ಹೋಗುತ್ತೆ. 2024ರಿಂದ ನಿಫ್ಟಿ ಐವತ್ತರಲ್ಲೇ ಒಂದು ರಕ್ಷಣಾ ಕಂಪನಿ ಇದೆ. ಪೂರ್ತಿ ಕೈ ತೊಳ್ಕೊಂಡೆ ಅಂತ ಹೇಳೋ ಯೋಗ್ಯತೆ ನನಗಿಲ್ಲ. ಆದ್ರೆ ನನ್ನ ಅರಿವಿಲ್ಲದೆ ಹೋಗೋದು ಬೇರೆ, ದಿನಾ ಬೆಳಿಗ್ಗೆ ಎದ್ದು ರೇಟು ನೋಡಿ ಖುಷಿಪಡೋದು ಬೇರೆ. ಎರಡನೇದನ್ನ ನಿಲ್ಲಿಸೋದು ನನ್ನ ಕೈಲಿದೆ.

ನಮ್ಮ ಸಂಘಟನೆಗಳಿಗೆ ಎರಡೇ ಬೇಡಿಕೆ. ಯಾವ ದೇಶಕ್ಕೆ ಏನು ಆಯುಧ ಹೋಗುತ್ತೆ ಅನ್ನೋ ಪೂರ್ತಿ ಪಟ್ಟಿಯನ್ನ ಸಂಸತ್ತಿನ ಮುಂದೆ ಇಡಿ ಅಂತ ನಮ್ಮ ಸಂಸದರನ್ನ ಕೇಳೋಣ. ಸರ್ಕಾರದ ರಕ್ಷಣಾ ಆರ್ಡರ್ ತಗೊಳ್ಳೋ ಖಾಸಗಿ ಕಂಪನಿಗಳಲ್ಲಿ ಮೀಸಲಾತಿ ಕೇಳೋಣ. ದೇಶಕ್ಕೆ ಆಯುಧ ಬೇಕೇ ಬೇಕು ಅಂದ್ರೆ ಅದು ನಮ್ಮವರ ಕೂಲಿಯಾಗಲಿ, ಯಾರದ್ದೋ ಲಾಭ ಆಗೋದು ಬೇಡ.

ಉಳಿದದ್ದು ಆ ಲಾಭದ ವಿಷಯ. 60,000ಕ್ಕೆ 26,000 ಬಂತು. ಅದನ್ನ ಯಾವುದೋ ಒಳ್ಳೇ ಕೆಲಸಕ್ಕೆ ಕೊಟ್ಟೆ ಅಂತ ಬರೆದರೆ ನೀವು ನನ್ನ ಹೊಗಳ್ತೀರಿ. ನಾನು ಕೊಡಲಿಲ್ಲ. ಮಗಳಿಗೆ ಸೀಟು ಸಿಕ್ತು, ಫೀಸು ಕಟ್ಟೋ ಕೊನೇ ದಿನ ಹತ್ರ ಬಂತು, ಕಟ್ಟಿಬಿಟ್ಟೆ. ಇದನ್ನ ಬರೆಯೋಕೆ ಮುಂಚೆ ಅವಳಿಗೆ ಎಲ್ಲಾ ಓದಿ ಹೇಳಿದೆ. ಸುಮ್ಮನೆ ಕೇಳಿಸ್ಕೊಂಡ್ಲು. ಆಮೇಲೆ ಕೇಳಿದ್ಲು: "ಹಂಗಾದ್ರೆ ನನ್ನ ಫೀಸಲ್ಲೂ ಆ ದುಡ್ಡು ಇದೆಯಾ ಅಪ್ಪಾ?"

ಇದೆ ಮಗಳೇ ಅಂದೆ.

ಜೈ ಭೀಮ್. ನಮೋ ಬುದ್ಧಾಯ.